ಬಾಯಿ ಕಟ್ಟಿದರೂ ಶುಗರ್ ಇಳಿಯುತ್ತಿಲ್ಲ, ತೂಕ ಮಾತ್ರ ಇಳಿಯುತ್ತಿದೆ: ಇದು ಯಾವ ಬಗೆಯ ಸಕ್ಕರೆ ಕಾಯಿಲೆ?

ಪ್ರಶ್ನೆ: ಡಾಕ್ಟರೇ, ನನಗೆ 39 ವರ್ಷ. ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದೇನೆ. ಎರಡು ವರ್ಷದ ಹಿಂದೆ ಶುಗರ್ ಇದೆ ಎಂದು ಗೊತ್ತಾಯಿತು. ಟೈಪ್ 2 ಎಂದು ಹೇಳಿ ಮೆಟ್‌ಫಾರ್ಮಿನ್ ಕೊಟ್ಟರು. ಐದಾರು ತಿಂಗಳು ಚೆನ್ನಾಗಿತ್ತು. ಆಮೇಲೆ ಏರತೊಡಗಿತು. ಗ್ಲಿಮೆಪಿರೈಡ್ ಸೇರಿಸಿದರು. ಮೂರು ತಿಂಗಳಿಂದ ಡಾಪಾಗ್ಲಿಫ್ಲೋಜಿನ್ ಕೂಡ ತೆಗೆದುಕೊಳ್ಳುತ್ತಿದ್ದೇನೆ. ಮೊನ್ನೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 10.8 ಬಂತು. ನನ್ನ ಎತ್ತರ 157 ಸೆಂ.ಮೀ. ತೂಕ 54 ಕೆ.ಜಿ. ಇದ್ದದ್ದು ಈಗ 46 ಆಗಿದೆ. ಅನ್ನ ಪೂರ್ತಿ ಬಿಟ್ಟಿದ್ದೇನೆ, ರಾತ್ರಿ ಬರೀ ತರಕಾರಿ ತಿನ್ನುತ್ತೇನೆ, ದಿನಾ ಒಂದು ಗಂಟೆ ನಡೆಯುತ್ತೇನೆ. ಆದರೂ ಮನೆಯಲ್ಲಿ ‘ನೀನು ಬಾಯಿ ಕಟ್ಟಲ್ಲ’ ಎನ್ನುತ್ತಾರೆ. ಡಾಕ್ಟರೂ ಪಥ್ಯ ಸರಿಯಿಲ್ಲ ಎನ್ನುತ್ತಾರೆ. ತಂದೆ ತಾಯಿಗೆ ಶುಗರ್ ಇಲ್ಲ. ನನಗೆ ಎಂಟು ವರ್ಷದಿಂದ ಥೈರಾಯ್ಡ್ ಮಾತ್ರೆ ಇದೆ, ಅಕ್ಕನಿಗೆ ತೊನ್ನು ಇದೆ. ‘ಲಾಡಾ’ ಎಂಬ ಕಾಯಿಲೆಯ ಬಗ್ಗೆ ಎಲ್ಲೋ ಓದಿದೆ. ನನಗೂ ಅದೇ ಇರಬಹುದೇ? ಯಾವ ಪರೀಕ್ಷೆ ಮಾಡಿಸಬೇಕು? ನಮ್ಮ ಡಾಕ್ಟರಿಗೆ ಬೇಜಾರಾಗದಂತೆ ಹೇಗೆ ಕೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಡಾಪಾಗ್ಲಿಫ್ಲೋಜಿನ್ ಎಂಬ ಹೆಸರು ಕಂಡ ಕೂಡಲೇ ನನಗೆ ಆತಂಕವಾಯಿತು. ಲಾಡಾ ಹೌದೋ ಅಲ್ಲವೋ ಆಮೇಲೆ ನೋಡೋಣ. ಮೊದಲು ಈ ಮಾತ್ರೆಯ ವಿಷಯ.

ಇದು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಕಳಿಸುವ ಮಾತ್ರೆ. ಒಳ್ಳೆಯ ಔಷಧಿಯೇ. ಹೃದಯಕ್ಕೆ, ಮೂತ್ರಪಿಂಡಕ್ಕೆ ಇದರಿಂದ ಅನುಕೂಲವಾದವರು ಬಹಳ ಜನ ಇದ್ದಾರೆ. 2020ರಲ್ಲಿ ಇದರ ಪೇಟೆಂಟ್ ಮುಗಿದ ಮೇಲೆ ನಮ್ಮ ದೇಶದಲ್ಲಿ ಬೆಲೆ ತುಂಬಾ ಇಳಿಯಿತು. ಈಗ ಊರೂರಿನ ಮೆಡಿಕಲ್ ಸ್ಟೋರಿನಲ್ಲೂ ಸಿಗುತ್ತದೆ. ಆದರೆ ದೇಹದಲ್ಲಿ ಇನ್ಸುಲಿನ್ ತೀರಾ ಕಡಿಮೆ ಇರುವವರಿಗೆ ಇದು ಅಪಾಯ ತರಬಹುದು. ಇನ್ಸುಲಿನ್ ಸಾಲದೆ ಹೋದರೆ ದೇಹ ಕೊಬ್ಬನ್ನು ಕರಗಿಸಿ ಉರಿಸತೊಡಗುತ್ತದೆ. ಆಗ ಕೀಟೋನ್ ಎಂಬ ಆಮ್ಲದಂಥ ವಸ್ತುಗಳು ರಕ್ತದಲ್ಲಿ ತುಂಬಿಕೊಳ್ಳುತ್ತವೆ. ಸಾಮಾನ್ಯವಾಗಿ ಆ ಹೊತ್ತಿಗೆ ಶುಗರ್ 300, 400 ದಾಟಿರುತ್ತದೆ, ಹಾಗಾಗಿ ಮನೆಯವರಿಗೆ ಗಾಬರಿಯಾಗಿ ಆಸ್ಪತ್ರೆಗೆ ಓಡುತ್ತಾರೆ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಮೂತ್ರದಲ್ಲಿ ಹೋಗುತ್ತಲೇ ಇರುತ್ತದಲ್ವಾ, ಆದ್ದರಿಂದ ಗ್ಲೂಕೋಮೀಟರ್ 180, 200 ಎಂದು ತೋರಿಸುತ್ತಿರುವಾಗಲೇ ಒಳಗೆ ಕೀಟೋನ್ ಏರಿರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಊಟದಲ್ಲಿ ಹಿಟ್ಟಿನ ಅಂಶ ಕಡಿಮೆಯಾದಷ್ಟೂ ಕೀಟೋನ್ ಏರುವುದು ಸುಲಭ. ನೀವು ಅನ್ನ ಬಿಟ್ಟಿದ್ದೀರಿ, ರಾತ್ರಿ ಬರೀ ತರಕಾರಿ ತಿನ್ನುತ್ತಿದ್ದೀರಿ, ಎಂಟು ಕೆ.ಜಿ. ಇಳಿದಿದ್ದೀರಿ, ಜೊತೆಗೆ ಈ ಮಾತ್ರೆ. ಅಂದರೆ ನೀವು ಕಟ್ಟುನಿಟ್ಟಾಗಿ ಪಥ್ಯ ಮಾಡಿದಷ್ಟೂ ಅಪಾಯ ಜಾಸ್ತಿಯಾಗುವ ಸ್ಥಿತಿ ಇದು. ದಯವಿಟ್ಟು ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ತೂಕ ಇಳಿದದ್ದನ್ನು ಹೇಳಿ, ಈ ಮಾತ್ರೆ ನಿಲ್ಲಿಸಬೇಕಾ ಎಂದು ಕೇಳಿ, ಕೀಟೋನ್ ಪರೀಕ್ಷೆ ಮಾಡಿಸಿ. ಮೂತ್ರದ ಪಟ್ಟಿಗಿಂತ ರಕ್ತದ ಕೀಟೋನ್ ಪರೀಕ್ಷೆ ಹೆಚ್ಚು ನಂಬಿಕೆಯದು, ಸಿಕ್ಕರೆ ಅದನ್ನೇ ಮಾಡಿಸಿ. ವಾಂತಿ, ಹೊಟ್ಟೆನೋವು, ಏದುಸಿರು, ವಿಪರೀತ ಸುಸ್ತು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ, ಇವುಗಳಲ್ಲಿ ಯಾವುದಾದರೂ ಕಂಡರೆ ಫೋನಿಗಾಗಿ ಕಾಯಬೇಡಿ. ಆ ಮಾತ್ರೆ ನುಂಗದೆ ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಗ್ಲೂಕೋಮೀಟರ್ ಏನೇ ತೋರಿಸಲಿ, ಹೋಗಿ. ಈ ವಿಷಯ ಇತ್ಯರ್ಥವಾಗುವ ತನಕ ಸೋಮವಾರ, ಏಕಾದಶಿ ಅಂತ ಉಪವಾಸ ಮಾಡಬೇಡಿ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮನ್ನು ಪರೀಕ್ಷಿಸದೆ ‘ಹೌದು’ ಎಂದು ಹೇಳಲಾರೆ. ಆದರೆ ನೀವು ಬರೆದ ವಿವರಗಳಲ್ಲಿ ಲಾಡಾ ಕಡೆ ಬೆರಳು ತೋರಿಸುವಂಥವು ಎಷ್ಟಿವೆ ಎಂದರೆ, ಪರೀಕ್ಷೆ ಮಾಡಿಸದೆ ಇನ್ನೊಂದು ಮಾತ್ರೆ ಸೇರಿಸುವುದು ತಪ್ಪಾಗುತ್ತದೆ ಎಂದು ಧೈರ್ಯವಾಗಿ ಹೇಳುತ್ತೇನೆ.

ಲಾಡಾ ಅಂದರೆ ದೊಡ್ಡವರಲ್ಲಿ ನಿಧಾನವಾಗಿ ಶುರುವಾಗುವ ಟೈಪ್ 1 ಎಂದುಕೊಳ್ಳಿ. ನಮ್ಮ ಹೊಟ್ಟೆಯಲ್ಲಿ ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆ. ಅದರೊಳಗಿನ ಬೀಟಾ ಕೋಶಗಳು ಇನ್ಸುಲಿನ್ ತಯಾರಿಸುತ್ತವೆ. ಟೈಪ್ 2ರಲ್ಲಿ ಇನ್ಸುಲಿನ್ ಇರುತ್ತದೆ. ಆದರೆ ದೇಹ ಅದರ ಮಾತು ಸರಿಯಾಗಿ ಕೇಳುವುದಿಲ್ಲ, ಬೀಟಾ ಕೋಶಗಳೂ ದಣಿದಿರುತ್ತವೆ. ಟೈಪ್ 1ರಲ್ಲಿ ರೋಗಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಬೀಟಾ ಕೋಶಗಳ ಮೇಲೆ ಬೀಳುತ್ತದೆ. ಮಕ್ಕಳಲ್ಲಿ ಈ ದಾಳಿ ಬಿರುಸಾಗಿರುತ್ತದೆ. ಕೆಲವು ವಾರಗಳಲ್ಲೇ ಮಗು ಸೊರಗಿ ಆಸ್ಪತ್ರೆ ಸೇರುತ್ತದೆ. ದೊಡ್ಡವರಲ್ಲಿ ಅದೇ ದಾಳಿ ನಿಧಾನವಾಗಿ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯಬಹುದು. ಶುರುವಿನಲ್ಲಿ ಅರ್ಧಕ್ಕರ್ಧ ಬೀಟಾ ಕೋಶ ಉಳಿದಿದ್ದರೂ ಮಾತ್ರೆಯಲ್ಲಿ ಸರಿಹೋದಂತೆ ಕಾಣುತ್ತದೆ. ನಿಮಗೆ ಮೊದಲ ಐದಾರು ತಿಂಗಳು ಚೆನ್ನಾಗಿತ್ತು ಎಂದಿರಲ್ಲ, ಅದು ಹೀಗೇ ಇದ್ದಿರಬಹುದು.

ಈ ಕಾಯಿಲೆ ಹೊಸದೇನಲ್ಲ. ಬೀಟಾ ಕೋಶಗಳ ವಿರುದ್ಧ ಏಳುವ ಆ್ಯಂಟಿಬಾಡಿಗಳನ್ನು, ಅಂದರೆ ರಕ್ಷಣಾ ವ್ಯವಸ್ಥೆ ದಾಳಿಗೆಂದು ತಯಾರಿಸುವ ಪ್ರೋಟೀನ್‌ಗಳನ್ನು, ಮೊದಲು ಕಂಡುಹಿಡಿದದ್ದು 1974ರಲ್ಲಿ. ಮುಂದೆ ಟೈಪ್ 2 ಎಂದು ಮಾತ್ರೆ ತೆಗೆದುಕೊಳ್ಳುತ್ತಿದ್ದ ದೊಡ್ಡವರಲ್ಲೂ ಅವೇ ಆ್ಯಂಟಿಬಾಡಿಗಳು ಸಿಕ್ಕವು. ಟೀನಾಮೈಯಾ ಟುವೋಮಿ, ಪಾಲ್ ಜಿಮ್ಮೆಟ್ ಮತ್ತು ಸಂಗಡಿಗರು 1993ರಲ್ಲಿ ಇದನ್ನು ಲಾಡಾ ಎಂದು ಕರೆದರು. ಅಮೆರಿಕದ ಡಯಾಬಿಟಿಸ್ ಸಂಘ ಇದನ್ನು ಟೈಪ್ 1ರ ಒಳಗೇ ಇಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಬೇರೆ ಹೆಸರು, ಬೇರೆ ಜಾಗ ಕೊಟ್ಟಿತು. ಹೆಸರಿನ ಜಗಳ ತಜ್ಞರಿಗೆ ಇರಲಿ. ಇನ್ಸುಲಿನ್ ಉತ್ಪತ್ತಿ ಕಡಿಮೆಯಾಗುತ್ತಾ ಹೋಗುತ್ತಿದೆಯೇ ಎಂಬುದಷ್ಟೇ ನಿಮಗೆ ಮುಖ್ಯ.

ಹಾಗಾದರೆ ಡಾಕ್ಟರುಗಳಿಗೆ ಇದು ಯಾಕೆ ತಪ್ಪಿಹೋಗುತ್ತದೆ? ಟೈಪ್ 1 ಮಕ್ಕಳ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಬ್ರಿಟನ್ನಿನಲ್ಲಿ ದೊಡ್ಡ ಜನಸಮೂಹದ ವಂಶವಾಹಿಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 60 ವರ್ಷದೊಳಗೆ ಬಂದ ಟೈಪ್ 1ರಲ್ಲಿ 100ಕ್ಕೆ ಸುಮಾರು 42 ಶುರುವಾಗಿದ್ದು 30 ದಾಟಿದ ಮೇಲೆ. ಬ್ರಿಟನ್ನಿನ ಪ್ರಧಾನಿಯಾಗಿದ್ದ ತೆರೇಸಾ ಮೇ ಅವರ ವಿಷಯವನ್ನೇ ನೋಡಿ. 2012ರ ಕೊನೆಯಲ್ಲಿ, ಗೃಹ ಸಚಿವೆಯಾಗಿದ್ದಾಗ, 56ನೇ ವಯಸ್ಸಿನಲ್ಲಿ ಅವರಿಗೆ ಶುಗರ್ ಬಂತು. ತೂಕ ಇಳಿದಿತ್ತು. ಟೈಪ್ 2 ಎಂದು ಮಾತ್ರೆ ಕೊಟ್ಟರು. ಮಾತ್ರೆ ಕೆಲಸ ಮಾಡಲಿಲ್ಲ. ಮತ್ತೆ ಪರೀಕ್ಷೆ ಮಾಡಿದಾಗ ಟೈಪ್ 1 ಎಂದು ಗೊತ್ತಾಯಿತು. ಮುಂದೆ 2016ರಲ್ಲಿ ಅವರು ಪ್ರಧಾನಿಯಾದದ್ದು ಇನ್ಸುಲಿನ್ ತೆಗೆದುಕೊಳ್ಳುತ್ತಲೇ. ಒಂದು ದೇಶದ ಗೃಹ ಸಚಿವೆಗೇ ಹೀಗಾಗಿದ್ದರೆ, ನಿಮಗೆ ಆದದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇವರಲ್ಲಿ ಬಹುಪಾಲು ಟೈಪ್ 2. ದಿನಕ್ಕೆ ಅರವತ್ತು ಎಪ್ಪತ್ತು ಜನರನ್ನು ನೋಡುವ ಡಾಕ್ಟರಿಗೆ ಮುಂದೆ ಕೂತವರೆಲ್ಲ ಟೈಪ್ 2 ಎನಿಸುವುದು ಸಹಜ. ನಮ್ಮವರಿಗೆ ಟೈಪ್ 2 ಬೇಗ ಬರುತ್ತದೆ, ಮೂವತ್ತರ ಆಸುಪಾಸಿನಲ್ಲೇ ಬರುತ್ತದೆ, ಸಣ್ಣಗಿರುವವರಿಗೂ ಬರುತ್ತದೆ.

ಈ ಕೊನೆಯ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಆಸ್ಟ್ರೇಲಿಯಾದ ಸಂಶೋಧಕರು 2006ರಲ್ಲಿ ಲಾಡಾ ಗುರುತಿಸಲು ಐದು ಸುಳಿವು ಕೊಟ್ಟರು: 50ರೊಳಗೆ ಶುಗರ್ ಬಂದಿರುವುದು; ಶುರುವಿನಲ್ಲೇ ಬಾಯಾರಿಕೆ, ಪದೇಪದೇ ಮೂತ್ರ, ತೂಕ ಇಳಿಯುವಂಥ ಜೋರು ಲಕ್ಷಣ; ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25ಕ್ಕಿಂತ ಕಡಿಮೆ; ತನಗೆ ಬೇರೆ ಆಟೋಇಮ್ಯೂನ್ ಕಾಯಿಲೆ (ರಕ್ಷಣಾ ವ್ಯವಸ್ಥೆ ತನ್ನ ದೇಹದ ಮೇಲೇ ಬೀಳುವ ಕಾಯಿಲೆ); ಮನೆಯವರಿಗೆ ಅಂಥ ಕಾಯಿಲೆ. ಇದರಲ್ಲಿ ಎರಡಿದ್ದರೂ ಪರೀಕ್ಷೆ ಮಾಡಿ ಎಂದರು. ಅಲ್ಲಿಗೆ ಇದು ಸರಿ. ನಮ್ಮಲ್ಲಿ ವಯಸ್ಸು ಮತ್ತು ಬಿಎಂಐ ಎರಡನ್ನೇ ಹಿಡಿದು ಹೊರಟರೆ ಕ್ಲಿನಿಕ್ಕಿಗೆ ಬರುವ ಅರ್ಧ ಜನರಿಗೆ ಪರೀಕ್ಷೆ ಬರೆಯಬೇಕಾಗುತ್ತದೆ. ಹಾಗಾಗಿ ‘ಸಣ್ಣಗಿದ್ದೀರಿ, ಲಾಡಾ ಇರಬಹುದು’ ಎಂದು ನಾನು ಯಾರಿಗೂ ಸುಮ್ನೆ ಹೇಳುವುದಿಲ್ಲ. ಇದ್ದ ತೂಕ ಪ್ರಯತ್ನವಿಲ್ಲದೆ, ಅಥವಾ ಪ್ರಯತ್ನಕ್ಕಿಂತ ಜಾಸ್ತಿ ಇಳಿಯುತ್ತಿದೆಯೇ ಎಂದು ನೋಡುತ್ತೇನೆ. ಒಂದೊಂದೇ ಮಾತ್ರೆ ಸೇರಿಸಿದಂತೆ ಕೆಲವು ತಿಂಗಳು ಸರಿಯಾಗಿ ಮತ್ತೆ ಕೈಕೊಡುತ್ತಿದೆಯೇ ಎಂದು ನೋಡುತ್ತೇನೆ. ಆಮೇಲೆ ಥೈರಾಯ್ಡ್, ತೊನ್ನು, ಇಂಥವು ತನಗೋ ರಕ್ತಸಂಬಂಧಿಗಳಿಗೋ ಇದೆಯೇ ಎಂದು ಕೇಳುತ್ತೇನೆ. ನಿಮ್ಮ ಪತ್ರದಲ್ಲಿ ಈ ಮೂರೂ ಇವೆ. ನಿಮ್ಮ ಥೈರಾಯ್ಡ್ ತೊಂದರೆಯೂ, ಅಕ್ಕನ ತೊನ್ನೂ ಇದೇ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿದ್ದರಿಂದ ಬಂದಿರುವ ಸಾಧ್ಯತೆ ಹೆಚ್ಚು.

ತಂದೆ ತಾಯಿಗೆ ಶುಗರ್ ಇಲ್ಲ ಎಂಬುದಕ್ಕೆ ಮಾತ್ರ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಇದ್ದಿದ್ದರೂ ಲಾಡಾ ಅಲ್ಲ ಎಂದಾಗುತ್ತಿರಲಿಲ್ಲ. ನಮ್ಮಲ್ಲಿ ಶುಗರ್ ಇಲ್ಲದ ಕುಟುಂಬವೇ ಅಪರೂಪ.

ನನ್ನಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಪ್ರಾಕ್ಟೀಸ್ ಶುರು ಮಾಡಿದ ಹೊಸತು. ಬಸ್ ಕಂಡಕ್ಟರ್ ಒಬ್ಬರು ಬರುತ್ತಿದ್ದರು. ನಲವತ್ತರ ಆಸುಪಾಸು, ಸಣಕಲು ಮೈ. ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಮಾತ್ರೆ ಮೇಲೆ ಮಾತ್ರೆ ಬರೆದೆ. ಪ್ರತಿ ಸಲ ಬಂದಾಗಲೂ ‘ಡ್ಯೂಟಿಯಲ್ಲಿ ಎಷ್ಟು ಸಲ ಕಾಫಿ ಕುಡೀತೀರಿ, ಸಕ್ಕರೆ ಹಾಕ್ತಾರಾ’ ಎಂದು ಕೇಳುತ್ತಿದ್ದೆ. ಅವರು ತಲೆ ತಗ್ಗಿಸಿ ‘ಇನ್ನು ಮೇಲೆ ಬಿಡ್ತೀನಿ’ ಎನ್ನುತ್ತಿದ್ದರು. ಒಂದು ದಿನ ಅವರ ಹೆಂಡತಿ ಜೊತೆಗೆ ಬಂದರು. ‘ಡಾಕ್ಟ್ರೇ, ಯುಗಾದಿಗೆ ಮಾಡಿದ ಒಬ್ಬಟ್ಟನ್ನೂ ಇವರು ಮುಟ್ಟಿಲ್ಲ. ಪ್ಯಾಂಟ್ ಎರಡು ಸಲ ಹಿಡಿಸಿದ್ದೀನಿ. ಇನ್ನೇನು ಬಿಡಬೇಕು ಹೇಳಿ’ ಎಂದು ಕಣ್ಣೀರು ಹಾಕಿದರು. ಆ ದಿನ ನಾನು ಮೊದಲ ಸಲ, ಸ್ವಂತ ಇನ್ಸುಲಿನ್ ಉತ್ಪತ್ತಿ ಎಷ್ಟಿದೆ ಎಂದು ತೋರಿಸುವ ಸಿ-ಪೆಪ್ಟೈಡ್ ಪರೀಕ್ಷೆ ಬರೆದೆ. ತಳ ಮುಟ್ಟಿತ್ತು. ಇನ್ಸುಲಿನ್ ಶುರು ಮಾಡಿದ ಮೂರು ತಿಂಗಳಲ್ಲಿ ಅವರ ಕೆನ್ನೆ ತುಂಬಿಕೊಂಡವು. ಅವರು ತಲೆ ತಗ್ಗಿಸಿ ಕೂತಿದ್ದು ನನಗೆ ಈಗಲೂ ನೆನಪಾಗುತ್ತದೆ. ಮಾತ್ರೆ ಸರಿಯಾಗಿ ನುಂಗಿ, ಬಾಯಿ ಕಟ್ಟಿ, ನಡೆದೂ ಶುಗರ್ ಇಳಿಯದಿದ್ದರೆ ರೋಗಿಯ ಮೇಲೆ ಅನುಮಾನ ಪಡುವ ಮೊದಲು ನಾವು ಬರೆದ ಕಾಯಿಲೆಯ ಹೆಸರಿನ ಮೇಲೆ ಅನುಮಾನ ಪಡಬೇಕು. ನಿಮ್ಮ ಮನೆಯವರಿಗೂ ಈ ಮಾತನ್ನು ತೋರಿಸಿ.

ಈಗ ಪರೀಕ್ಷೆಗಳು. ಮುಖ್ಯವಾಗಿ ಎರಡು. ಒಂದು ಗ್ಯಾಡ್ ಆ್ಯಂಟಿಬಾಡಿ, ಇನ್ನೊಂದು ಸಿ-ಪೆಪ್ಟೈಡ್. ಎರಡೂ ರಕ್ತ ಪರೀಕ್ಷೆಗಳೇ. ಜಿಲ್ಲಾ ಕೇಂದ್ರಗಳಲ್ಲಿ ಎಷ್ಟೋ ಲ್ಯಾಬ್‌ಗಳು ಗ್ಯಾಡ್ ಮಾದರಿಯನ್ನು ಬೆಂಗಳೂರಿಗೋ ಬೇರೆ ದೊಡ್ಡ ಊರಿಗೋ ಕಳಿಸುತ್ತವೆ. ರಿಪೋರ್ಟ್ ಬರಲು ಕೆಲವು ದಿನ ಹಿಡಿಯುತ್ತದೆ. ಮಾಮೂಲಿ ಶುಗರ್ ಪರೀಕ್ಷೆಗಿಂತ ಇವು ದುಬಾರಿ, ಲ್ಯಾಬಿನಿಂದ ಲ್ಯಾಬಿಗೆ ಬೆಲೆ ಬೇರೆ. ಎರಡು ಮೂರು ಕಡೆ ವಿಚಾರಿಸಿ. ಆದರೆ ಗ್ಯಾಡ್ ಪದೇಪದೇ ಮಾಡಿಸುವ ಪರೀಕ್ಷೆ ಅಲ್ಲ.

ಗ್ಯಾಡ್ ಎಂಬುದು ಬೀಟಾ ಕೋಶಗಳಲ್ಲಿ ಇರುವ ಒಂದು ಪ್ರೋಟೀನ್. ಅದರ ವಿರುದ್ಧ ಆ್ಯಂಟಿಬಾಡಿ ರಕ್ತದಲ್ಲಿ ಸಿಕ್ಕರೆ ದಾಳಿ ನಡೆಯುತ್ತಿರುವುದಕ್ಕೆ ಕುರುಹು. ಲಾಡಾದಲ್ಲಿ ಅತಿ ಹೆಚ್ಚಾಗಿ ಸಿಗುವುದು ಇದೇ, ವರ್ಷಗಟ್ಟಲೆ ಉಳಿಯುವುದೂ ಇದೇ. ಅದಕ್ಕೇ ಮೊದಲು ಇದನ್ನು ಮಾಡಿಸುವುದು. ಖಾಲಿ ಹೊಟ್ಟೆ ಬೇಕಿಲ್ಲ. ಇದು ನೆಗೆಟಿವ್ ಬಂದು ಅನುಮಾನ ಉಳಿದರೆ ಐಎ-2 ಮತ್ತು ಜಿಂಕ್ ಟ್ರಾನ್ಸ್‌ಪೋರ್ಟರ್ 8 ಎಂಬ ಇನ್ನೆರಡು ಆ್ಯಂಟಿಬಾಡಿಗಳನ್ನು ನೋಡಬಹುದು. ಇನ್ಸುಲಿನ್ ಆ್ಯಂಟಿಬಾಡಿ ಎಂಬ ಪರೀಕ್ಷೆಯೂ ಇದೆ. ಇನ್ಸುಲಿನ್ ಚುಚ್ಚುಮದ್ದು ಶುರುವಾದವರಿಗೆ ಅದರಿಂದ ಪ್ರಯೋಜನವಿಲ್ಲ, ಹೊರಗಿನ ಇನ್ಸುಲಿನ್ನಿಗೂ ದೇಹ ಆ್ಯಂಟಿಬಾಡಿ ಮಾಡುತ್ತದೆ.

ಪಾಸಿಟಿವ್ ಅಂದ ತಕ್ಷಣ ಮುಗಿಯಲಿಲ್ಲ. ಒಂದು ಲೆಕ್ಕ ಹಾಕಿ ನೋಡಿ. ಟೈಪ್ 2 ಎಂದು ಹೇಳಿಸಿಕೊಂಡ 1,000 ಜನರಿಗೆ ಕಣ್ಣು ಮುಚ್ಚಿ ಈ ಪರೀಕ್ಷೆ ಮಾಡಿದೆವು ಎಂದುಕೊಳ್ಳಿ. ಅವರಲ್ಲಿ ನಿಜವಾಗಿ ಲಾಡಾ ಇರುವವರು 20 ಜನ, ಪರೀಕ್ಷೆ ಎಲ್ಲರನ್ನೂ ಹಿಡಿಯಿತು ಎಂದಿಟ್ಟುಕೊಳ್ಳಿ. ಕಾಯಿಲೆ ಇಲ್ಲದವರಲ್ಲೂ 100ಕ್ಕೆ ಒಬ್ಬರಿಗೆ ಪಾಸಿಟಿವ್ ಬಂದರೆ, ಸುಮಾರು 10 ಜನರಿಗೆ ಸುಳ್ಳು ಪಾಸಿಟಿವ್. ಅಂದರೆ ಪಾಸಿಟಿವ್ ಬಂದ ಮೂವರಲ್ಲಿ ಒಬ್ಬರಿಗೆ ಕಾಯಿಲೆಯೇ ಇಲ್ಲ. ಅದೇ ನಿಮ್ಮಂಥ ಲಕ್ಷಣ ಇರುವವರನ್ನೇ ಆರಿಸಿಕೊಂಡರೆ, 1,000 ಜನರಲ್ಲಿ 200 ಜನರಿಗೆ ನಿಜವಾದ ಕಾಯಿಲೆ ಇದೆ ಎಂದುಕೊಳ್ಳಿ. ಆಗ ಸುಳ್ಳು ಪಾಸಿಟಿವ್ ಬರುವುದು ಉಳಿದ 800ರಲ್ಲಿ 8 ಮಾತ್ರ. ಪರೀಕ್ಷೆ ಅದೇ. ಯಾರಿಗೆ ಮಾಡಿದೆವು ಎಂಬುದರ ಮೇಲೆ ಉತ್ತರದ ಬೆಲೆ ಬದಲಾಯಿತು. ದಪ್ಪ ಮೈಯ, ಒಂದೇ ಮಾತ್ರೆಯಲ್ಲಿ ಹದವಾಗಿರುವ ಅರವತ್ತರ ವ್ಯಕ್ತಿಗೆ ಗ್ಯಾಡ್ ಗಡಿಗಿಂತ ಚೂರು ಮೇಲೆ ಬಂದರೆ ನಾನು ಇನ್ನೊಂದು ಆ್ಯಂಟಿಬಾಡಿ ನೋಡದೆ ಲಾಡಾ ಎನ್ನುವುದಿಲ್ಲ. ನಿಮಗೆ ಪಾಸಿಟಿವ್ ಬಂದರೆ ನಂಬುತ್ತೇನೆ. ಸಂಖ್ಯೆ ತುಂಬಾ ಹೆಚ್ಚಿದ್ದರೆ ಇನ್ಸುಲಿನ್ ಅಗತ್ಯ ಬೇಗ ಬೀಳುವ ಸಂಭವವೂ ಹೆಚ್ಚು.

ನೆಗೆಟಿವ್ ಬಂದರೂ ಅಷ್ಟೇ, ಅಲ್ಲಿಗೇ ಬಿಡುವಂತಿಲ್ಲ. ದೊಡ್ಡವರಲ್ಲಿ ಬರುವ ಟೈಪ್ 1ರಲ್ಲಿ ಕೆಲವರಿಗೆ ಯಾವ ಆ್ಯಂಟಿಬಾಡಿಯೂ ಸಿಗುವುದಿಲ್ಲ.

ಸಿ-ಪೆಪ್ಟೈಡ್ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತದೆ. ದಾಳಿ ನಡೆಯುತ್ತಿದೆಯೇ ಎಂದು ಗ್ಯಾಡ್ ಹೇಳಿದರೆ, ಬೀಟಾ ಕೋಶದಲ್ಲಿ ಇನ್ನೆಷ್ಟು ಶಕ್ತಿ ಉಳಿದಿದೆ ಎಂದು ಇದು ಹೇಳುತ್ತದೆ. ಬೀಟಾ ಕೋಶ ಇನ್ಸುಲಿನ್ ತಯಾರಿಸುವಾಗ ಮೊದಲು ಒಂದು ಉದ್ದನೆಯ ಎಳೆ ಮಾಡುತ್ತದೆ. ಅದನ್ನು ಕತ್ತರಿಸಿದಾಗ ಒಂದು ಭಾಗ ಇನ್ಸುಲಿನ್, ಇನ್ನೊಂದು ತುಂಡು ಸಿ-ಪೆಪ್ಟೈಡ್. ಎರಡೂ ಸಮ ಸಮ ಹೊರಬರುತ್ತವೆ. ಚುಚ್ಚುಮದ್ದಿನ ಇನ್ಸುಲಿನ್ನಿನಲ್ಲಿ ಈ ತುಂಡು ಇರುವುದಿಲ್ಲ. ಹಾಗಾಗಿ ಇನ್ಸುಲಿನ್ ತೆಗೆದುಕೊಳ್ಳುವವರಲ್ಲೂ ಸ್ವಂತ ಉತ್ಪತ್ತಿ ಎಷ್ಟಿದೆ ಎಂದು ಇದರಿಂದ ಅಳೆಯಬಹುದು.

ಇದನ್ನು ಓದುವಾಗ ಆಗುವ ತಪ್ಪುಗಳನ್ನು ನಾನು ಬಹಳ ನೋಡಿದ್ದೇನೆ. ಲ್ಯಾಬಿನ ರಿಪೋರ್ಟಿನಲ್ಲಿ ಸಂಖ್ಯೆಯ ಪಕ್ಕ ನಾರ್ಮಲ್ ಮಿತಿ ಕೊಟ್ಟಿರುತ್ತಾರೆ. ಅದು ಸಾಮಾನ್ಯವಾಗಿ ಶುಗರ್ ಇಲ್ಲದವರ ಖಾಲಿ ಹೊಟ್ಟೆಯ ಮಿತಿ. ರಕ್ತದಲ್ಲಿ ಸಕ್ಕರೆ 250 ಇದ್ದಾಗ ಬೀಟಾ ಕೋಶ ಮೈಮುರಿದು ಕೆಲಸ ಮಾಡುತ್ತಿರಬೇಕು, ಸಿ-ಪೆಪ್ಟೈಡ್ ಚೆನ್ನಾಗಿ ಏರಿರಬೇಕು. ಆಗಲೂ ಅದು ‘ನಾರ್ಮಲ್’ ಮಿತಿಯ ಕೆಳತುದಿಯಲ್ಲಿದ್ದರೆ ಅದು ನಾರ್ಮಲ್ ಅಲ್ಲ, ಕೊರತೆ. ಆದ್ದರಿಂದ ಸಿ-ಪೆಪ್ಟೈಡ್ ತೆಗೆಯುವ ಹೊತ್ತಿನಲ್ಲೇ ಅದೇ ರಕ್ತದಲ್ಲಿ ಶುಗರ್ ಕೂಡ ನೋಡಬೇಕು. ಉಪವಾಸಕ್ಕಿಂತ, ಊಟವಾಗಿ ಐದು ಗಂಟೆಯೊಳಗೆ ತೆಗೆದ ರಕ್ತ ಒಳ್ಳೆಯದು. ಶುಗರ್ 70ರ ಆಸುಪಾಸು ಇಳಿದಿದ್ದಾಗ ತೆಗೆದರೆ ಆರೋಗ್ಯವಂತರಲ್ಲೂ ಕಡಿಮೆ ಬರುತ್ತದೆ, ಅದನ್ನು ನಂಬಬಾರದು. ಇನ್ನೊಂದು ತುದಿಯಲ್ಲಿ, ವಾರಗಟ್ಟಲೆ ಶುಗರ್ ವಿಪರೀತ ಏರಿದ್ದರೆ ಬೀಟಾ ಕೋಶಗಳು ತಾತ್ಕಾಲಿಕವಾಗಿ ಮಂಕಾಗುತ್ತವೆ. ಅಂಥವರಲ್ಲಿ ಹದಕ್ಕೆ ಬಂದ ಮೇಲೆ ಇನ್ನೊಮ್ಮೆ ನೋಡಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಸಿ-ಪೆಪ್ಟೈಡ್ ರಕ್ತದಲ್ಲೇ ಉಳಿದು ಸುಳ್ಳೇ ಹೆಚ್ಚು ತೋರಿಸುತ್ತದೆ, ಹಾಗಾಗಿ ಕ್ರಿಯಾಟಿನಿನ್ ಕೂಡ ಮಾಡಿಸಿ.

ಅಮೆರಿಕ ಮತ್ತು ಯುರೋಪಿನ ಡಯಾಬಿಟಿಸ್ ಸಂಘಗಳು ಸೇರಿ 2021ರಲ್ಲಿ ಕೊಟ್ಟ ಲೆಕ್ಕ ಹೀಗಿದೆ. 200 ಪೈಕೋಮೋಲ್‌ಗಿಂತ ಕಡಿಮೆ ಇದ್ದರೆ ಇನ್ಸುಲಿನ್ ಉತ್ಪತ್ತಿ ತೀರಾ ಕುಸಿದಿದೆ, ಟೈಪ್ 1ರಂತೆ ನೋಡಿಕೊಳ್ಳಬೇಕು. 600ಕ್ಕಿಂತ ಹೆಚ್ಚಿದ್ದರೆ ಟೈಪ್ 2 ಸಾಧ್ಯತೆ ಹೆಚ್ಚು. ನಡುವೆ ಇದ್ದರೆ ಕಾದು ನೋಡಿ ಮತ್ತೆ ಮಾಡಬೇಕು. ನಮ್ಮ ಲ್ಯಾಬ್‌ಗಳು ಹೆಚ್ಚಾಗಿ ನ್ಯಾನೋಗ್ರಾಂ ಲೆಕ್ಕದಲ್ಲಿ ಕೊಡುತ್ತವೆ. ಅದರಲ್ಲಿ 200 ಅಂದರೆ ಸುಮಾರು 0.6, 600 ಅಂದರೆ ಸುಮಾರು 1.8. ಆದರೆ ಶುಗರ್ ಬಂದು ಮೂರು ವರ್ಷ ದಾಟಿದವರಿಗೆ ಈ ಗಡಿಗಳು ಹೆಚ್ಚು ನಂಬಿಕೆಯವು. ನಿಮಗೆ ಎರಡೇ ವರ್ಷವಾಗಿದೆ. ನಿಮ್ಮ ಸಿ-ಪೆಪ್ಟೈಡ್ 2 ಬಂದರೂ ಲಾಡಾ ಅಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ, ಗ್ಯಾಡ್ ಏನು ಹೇಳುತ್ತದೆ ನೋಡಬೇಕು. 0.5 ಬಂದರೆ ಮಾತ್ರ ಗ್ಯಾಡ್ ರಿಪೋರ್ಟಿಗೆ ಕಾಯದೆ ಇನ್ಸುಲಿನ್ ಶುರು ಮಾಡುವುದೇ ಸರಿ.

ಬೇರೆ ಕಾಯಿಲೆಗಳನ್ನೂ ಮರೆಯಬಾರದು. ದಕ್ಷಿಣ ಭಾರತದವರಿಗೆ ಇದು ವಿಶೇಷವಾಗಿ ಹೇಳಬೇಕಾದ ಮಾತು. ಮೇದೋಜೀರಕ ಗ್ರಂಥಿಯಲ್ಲಿ ಕಲ್ಲು ಕಟ್ಟಿ ಬರುವ ಒಂದು ಬಗೆಯ ಸಕ್ಕರೆ ಕಾಯಿಲೆ ನಮ್ಮ ಕಡೆ ಇದೆ. ಕೇರಳದ ಡಾ. ಪಿ. ಜೆ. ಗೀವರ್ಗೀಸ್ ಅವರು 1960ರ ದಶಕದಲ್ಲೇ ಇದರ ಬಗ್ಗೆ ವಿವರವಾಗಿ ಬರೆದಿದ್ದಾರೆ. ಇವರೂ ಸಣ್ಣಗಿರುತ್ತಾರೆ, ಇವರಿಗೂ ಮಾತ್ರೆ ಸಾಲುವುದಿಲ್ಲ, ಗ್ಯಾಡ್ ಮಾತ್ರ ಹೆಚ್ಚಾಗಿ ನೆಗೆಟಿವ್. ಚಿಕ್ಕಂದಿನಿಂದ ಆಗಾಗ ಬೆನ್ನಿಗೆ ಹೊಡೆಯುವಂಥ ಹೊಟ್ಟೆನೋವು ಬರುತ್ತಿತ್ತೇ, ಮಲ ಜಿಡ್ಡುಜಿಡ್ಡಾಗಿ ನೀರಲ್ಲಿ ತೇಲುತ್ತದೆಯೇ ಎಂದು ನೆನಪಿಸಿಕೊಳ್ಳಿ. ಹೊಟ್ಟೆಯ ಸ್ಕ್ಯಾನ್ ಒಂದನ್ನು ಹೇಗೂ ಮಾಡಿಸಿ. ನಿಮಗಿಂತ ದೊಡ್ಡವರಲ್ಲಿ, 50 ದಾಟಿದವರಲ್ಲಿ, ಹೊಸದಾಗಿ ಶುಗರ್ ಬಂದು ತೂಕವೂ ಬೇಗ ಇಳಿದರೆ ಆ ಗ್ರಂಥಿಯ ಕ್ಯಾನ್ಸರ್ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಅವರಿಗೆ ಸಿಟಿ ಸ್ಕ್ಯಾನ್ ಬೇಕಾಗಬಹುದು. ಕ್ಷಯ ಮತ್ತು ಥೈರಾಯ್ಡ್ ಮಾತ್ರೆಯ ಡೋಸ್ ಜಾಸ್ತಿಯಾಗಿರುವುದೂ ತೂಕ ಇಳಿಸುತ್ತವೆ. ನಿಮ್ಮ ಟಿಎಸ್‌ಎಚ್ ಕೊನೆಯ ಸಲ ಯಾವಾಗ ನೋಡಿಸಿದಿರಿ? ಅದನ್ನೂ ಈ ಸಲ ಸೇರಿಸಿ. ಜೊತೆಗೆ ವಿಟಮಿನ್ ಬಿ12 ನೋಡಿಸಿ, ಮೆಟ್‌ಫಾರ್ಮಿನ್ ಅದನ್ನು ಕಡಿಮೆ ಮಾಡುತ್ತದೆ.

ಲಾಡಾ ಎಂದೇ ಬಂದರೆ ಏನು ಬದಲಾಗುತ್ತದೆ? ಡಾಪಾಗ್ಲಿಫ್ಲೋಜಿನ್ ಬಗ್ಗೆ ಹೇಳಿಯಾಯಿತು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆಗಳು ಉಳಿದ ಬೀಟಾ ಕೋಶವನ್ನು ಹಿಂಡಿ ಇನ್ಸುಲಿನ್ ತೆಗೆಸುತ್ತವೆ. ಲಾಡಾದಲ್ಲಿ ಇವನ್ನು ತಪ್ಪಿಸುವುದು ಒಳ್ಳೆಯದು ಎಂಬುದೇ ಇವತ್ತಿನ ತಜ್ಞರ ಅಭಿಪ್ರಾಯ. ಜಪಾನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಜಾತಿಯ ಮಾತ್ರೆ ತೆಗೆದುಕೊಂಡವರಿಗಿಂತ ಶುರುವಿನಲ್ಲೇ ಸ್ವಲ್ಪ ಸ್ವಲ್ಪ ಇನ್ಸುಲಿನ್ ತೆಗೆದುಕೊಂಡವರಲ್ಲಿ ಬೀಟಾ ಕೋಶದ ಶಕ್ತಿ ಹೆಚ್ಚು ಕಾಲ ಉಳಿಯಿತು. ಶುರುವಿನಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಸಲ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ಸಾಕಾಗಬಹುದು. ಮುಂದೆ ಊಟದ ಹೊತ್ತಿಗೂ ಬೇಕಾಗಬಹುದು. ಆದರೆ ಈಗ ನಡೆಯುತ್ತಿರುವ ಮಾತ್ರೆಗಳನ್ನು ನೀವಾಗಿಯೇ ಒಟ್ಟಿಗೆ ನಿಲ್ಲಿಸಬೇಡಿ. ಇನ್ಸುಲಿನ್ ಇಲ್ಲದೆ ಎಲ್ಲ ಮಾತ್ರೆಯನ್ನೂ ಬಿಟ್ಟರೆ ಶುಗರ್ ಗಗನಕ್ಕೇರುತ್ತದೆ.

ಇನ್ಸುಲಿನ್ ಅಂದರೆ ಕೊನೆಯ ಹಂತ ಎಂಬ ಮಾತು ನಮ್ಮ ಮನೆಗಳಲ್ಲಿ ಓಡಾಡುತ್ತಲೇ ಇರುತ್ತದೆ. ‘ಒಮ್ಮೆ ಶುರುವಾದರೆ ಬಿಡೋಕಾಗಲ್ಲ’ ಎನ್ನುತ್ತಾರೆ. ಲಾಡಾದಲ್ಲಿ ಬಿಡಲು ಆಗುವುದಿಲ್ಲ, ನಿಜ. ದೇಹ ತಾನೇ ಮಾಡಿಕೊಳ್ಳುತ್ತಿದ್ದ ವಸ್ತುವನ್ನು ಹೊರಗಿನಿಂದ ತುಂಬಿಕೊಡುತ್ತಿದ್ದೇವೆ, ಅಷ್ಟೇ. ಥೈರಾಯ್ಡ್ ಮಾತ್ರೆಯನ್ನು ಎಂಟು ವರ್ಷದಿಂದ ದಿನಾ ಬೆಳಿಗ್ಗೆ ನುಂಗುತ್ತಿದ್ದೀರಲ್ಲ, ಇದೂ ಅದೇ ಜಾತಿಯದು. ಪೆನ್ನಿನ ಸೂಜಿ ಈಗ 4 ಮಿಲಿಮೀಟರ್ ಉದ್ದದ್ದು ಸಿಗುತ್ತದೆ. ಮೊದಲ ಎರಡು ದಿನ ಕೈ ನಡುಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ನೀವು ಅನ್ನವನ್ನೂ ಮತ್ತೆ ತಟ್ಟೆಗೆ ಹಾಕಿಕೊಳ್ಳಬಹುದು, ಅಳತೆ ನೋಡಿಕೊಂಡು.

ಕಾಯಿಲೆಯ ಸರಿಯಾದ ಹೆಸರು ಫೈಲಿನ ಮೇಲೆ ಬರೆಸಿಕೊಳ್ಳಿ. ನಾಳೆ ಯಾವುದೋ ಆಪರೇಷನ್‌ಗೆ ಸೇರಿದಾಗ ಫೈಲಿನಲ್ಲಿ ಟೈಪ್ 2 ಎಂದಿದ್ದರೆ, ‘ಊಟ ಇಲ್ಲವಲ್ಲ, ಇನ್ಸುಲಿನ್ ಬೇಡ’ ಎಂದು ಯಾರಾದರೂ ನಿಲ್ಲಿಸಿಬಿಡಬಹುದು. ಇನ್ಸುಲಿನ್ ಕೊರತೆ ಇರುವವರಿಗೆ ಊಟವಿಲ್ಲದಿದ್ದರೂ ದೀರ್ಘಕಾಲದ ಇನ್ಸುಲಿನ್ ಬೇಕೇ ಬೇಕು.

ಡಾಕ್ಟರನ್ನು ಹೇಗೆ ಕೇಳುವುದು ಎಂದಿರಿ. ‘ನೀವು ತಪ್ಪು ಹೇಳಿದಿರಿ’ ಎಂದು ಶುರು ಮಾಡಬೇಡಿ, ಅದರ ಅಗತ್ಯವಿಲ್ಲ. ಒಂದು ಹಾಳೆಯಲ್ಲಿ ಎರಡು ವರ್ಷದ ತೂಕ, ಎಚ್‌ಬಿಎ1ಸಿ, ಯಾವ ತಿಂಗಳು ಯಾವ ಮಾತ್ರೆ ಸೇರಿತು ಎಂಬುದನ್ನು ಸಾಲಾಗಿ ಬರೆದುಕೊಳ್ಳಿ. ಕೊನೆಯಲ್ಲಿ ನಿಮ್ಮ ಥೈರಾಯ್ಡ್, ಅಕ್ಕನ ತೊನ್ನು ಬರೆಯಿರಿ. ಅದನ್ನು ಮೇಜಿನ ಮೇಲಿಟ್ಟು, ‘ಸರ್, ತೂಕ ಎಂಟು ಕೆ.ಜಿ. ಇಳಿದಿದೆ, ಮೂರು ಮಾತ್ರೆಗೂ ಬಗ್ಗುತ್ತಿಲ್ಲ, ಗ್ಯಾಡ್ ಮತ್ತು ಸಿ-ಪೆಪ್ಟೈಡ್ ಒಮ್ಮೆ ನೋಡಬಹುದಾ’ ಎಂದು ಕೇಳಿ. ಇಷ್ಟು ವಿವರ ಕಣ್ಣ ಮುಂದಿದ್ದರೆ ಬಹಳಷ್ಟು ಡಾಕ್ಟರುಗಳು ಬೇಜಾರು ಮಾಡಿಕೊಳ್ಳುವುದಿಲ್ಲ. ಕಾರಣ ಹೇಳದೆ ಬೇಡ ಎಂದರೆ ಜಿಲ್ಲಾ ಕೇಂದ್ರದಲ್ಲೋ ಬೆಂಗಳೂರು, ಮೈಸೂರಿನಲ್ಲೋ ಹಾರ್ಮೋನ್ ತಜ್ಞರನ್ನು ಕಾಣಿ. ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಬಾಯಿ ಕಟ್ಟಲ್ಲ ಎನ್ನುವವರನ್ನೇ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು, ಡಾಕ್ಟರ ಬಾಯಿಂದಲೇ ಅವರು ಕೇಳಲಿ.

ರಿಪೋರ್ಟ್ ಬಂದ ಮೇಲೆ ನನಗೂ ಬರೆಯಿರಿ. ಸಿ-ಪೆಪ್ಟೈಡ್ ಜೊತೆ ಅದೇ ಹೊತ್ತಿನ ಶುಗರ್ ಎಷ್ಟಿತ್ತು, ಊಟವಾಗಿ ಎಷ್ಟು ಹೊತ್ತಾಗಿತ್ತು ಎಂಬುದನ್ನೂ ಬರೆಯಿರಿ. ಆದರೆ ಕೀಟೋನ್ ವಿಷಯದ ಫೋನ್ ಇವತ್ತೇ ಆಗಲಿ.